ಅಭ್ಯಾಸವೂ ಬೀದಿಗೆ ಬರಲಿ

ಕಳೆದ ವರ್ಷ ಜಿಲ್ಲಾಕೇಂದ್ರದ ರಂಗಮಂದಿರದಲ್ಲಿ ನಡೆದ ಅಂತರಕಾಲೇಜು ನಾಟಕ ಸ್ಪರ್ಧೆಯಲ್ಲಿ ನಮ್ಮ ಕಾಲೇಜಿಗೆ ಎರಡನೆಯ ಬಹುಮಾನ ಬಂದುದು ವಾಚಕರಿಗೆ ತಿಳಿದೇ ಇದೆ. ಅಂದು ರಾತ್ರಿ ಬಹಳ ಹೊತ್ತಾಗಿ ಮನೆ ಸೇರಿದ ನಾನು, ನಿದ್ದೆಗಣ್ಣಿನಲ್ಲಿ ಎದ್ದು ಬಾಗಿಲು ತೆಗೆದ ಅವ್ವನಿಗೆ ಆ ರಂಗಮಂದಿರದ ವೈಭವವನ್ನೆಲ್ಲ ವರ್ಣಿಸತೊಡಗಿದೆ. ಮೆತ್ತನೆಯ ಕುರ್ಚಿಗಳು, ಗುಂಡಿ ಒತ್ತಿದರೆ ತಾನಾಗಿಯೇ ಸರಿಯುವ ಪರದೆ, ಬಣ್ಣಬಣ್ಣದ ದೀಪಗಳು – ಎಲ್ಲವನ್ನೂ ಕೇಳಿದ ಮೇಲೆ ಅವಳು, “ಅದರೊಳೀಕೆ ಹೋಗಾಕೆ ದುಡ್ಡು ಕೊಡಬೇಕಾ?” ಎಂದಳು. “ಇಲ್ಲವ್ವ, ಯಾರು ಬೇಕಾದ್ರೂ ಹೋಗಬಹುದು” ಎಂದೆ. “ಹಂಗಂತ ಯಾರು ಯೋಳಿದ್ರು?” ಎಂದು ಮತ್ತೆ ಕೇಳಿ, ಉತ್ತರಕ್ಕೆ ಕಾಯದೆ ಮುದ್ದೆಯ ತಟ್ಟೆಯನ್ನು ನನ್ನ ಮುಂದಿಟ್ಟಳು.

ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ರಂಗಮಂದಿರದ ಬಾಗಿಲು ತೆರೆದೇ ಇರುತ್ತದೆ, ಒಳಗೆ ಬರಕೂಡದೆಂದು ಯಾರೂ ಬೋರ್ಡು ಹಾಕಿಲ್ಲ, ನಿಜ. ಆದರೆ ಬನ್ನಿರೆಂದು ಅವಳನ್ನು ಕರೆದವರಾದರೂ ಯಾರು? ನಾಟಕ ಮುಗಿಯುವ ಹೊತ್ತಿಗೆ ನಮ್ಮ ಊರಿನ ಕೊನೆಯ ಬಸ್ಸು ಹೊರಟುಹೋಗಿರುತ್ತದೆ. 2023ರ ಜೂನ್ ತಿಂಗಳಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಚಾರ್ಜಿಲ್ಲ, ಸಂತೋಷ. ಆದರೆ ಇಲ್ಲದ ಬಸ್ಸಿಗೆ ಚಾರ್ಜಿಲ್ಲದಿದ್ದರೆ ಬಂದ ಭಾಗ್ಯವೇನು? ಬಹುಮಾನ ಪಡೆದ ನಮ್ಮ ನಾಟಕವನ್ನು ನೋಡಿದವರು ಯಾರು ಯಾರೆಂದು ಆಮೇಲೆ ಲೆಕ್ಕ ಹಾಕಿದೆ. ಬೇರೆ ಕಾಲೇಜುಗಳ ನಟರು, ಅವರ ಅಧ್ಯಾಪಕರು, ಮೂವರು ತೀರ್ಪುಗಾರರು, ಚಹ ತಂದುಕೊಟ್ಟ ಹುಡುಗ. ನಾಟಕವಾದರೋ ಕೂಲಿಯವರ ಬಾಳನ್ನು ಕುರಿತದ್ದು. ವೇದಿಕೆಯ ಮೇಲೆ ಕೂಲಿಯವರ ವೇಷ ಹಾಕಿದವರು ಎಂಟು ಜನರಿದ್ದೆವು. ಕೆಳಗೆ ಕೂಲಿಯವನು ಒಬ್ಬನೂ ಇರಲಿಲ್ಲ, ಆ ಚಹದ ಹುಡುಗನನ್ನು ಬಿಟ್ಟರೆ. ಅವನೂ ಲೋಟಗಳನ್ನು ಎಣಿಸಿಕೊಂಡು ಮಧ್ಯದಲ್ಲೇ ಹೊರಟುಹೋದನು.

“ಕಲೆಯನ್ನು ಜನರ ಬಳಿಗೆ ಕೊಂಡೊಯ್ಯಬೇಕು” ಎಂದು ಸಭೆಗಳಲ್ಲಿ ಹೇಳುವುದುಂಟು. ಈ ಮಾತು ಕೇಳಲು ಚೆನ್ನಾಗಿದೆ. ಆದರೂ ನನಗೆ ಇದರಲ್ಲಿ ಏನೋ ಒಂದು ಕಸಿವಿಸಿ. ಕಲೆಯೆಂಬುದು ನಮ್ಮ ಬಳಿ ಮೂಟೆಗಟ್ಟಿ ಇಟ್ಟಿರುವ ಸರಕು, ಕೇರಿಯವರ ಬಳಿ ಅದರ ಕಾಳೂ ಇಲ್ಲ, ಆದುದರಿಂದ ದಯವಿಟ್ಟು ಹಂಚೋಣ ಎಂಬ ಧ್ವನಿ ಅದರೊಳಗಿದೆ. ನಮ್ಮ ಸೀಮೆಯ ಹಳ್ಳಿಗಳನ್ನು ಬಲ್ಲವರು ಯಾರೂ ಹೀಗೆ ಹೇಳಲಾರರು.

ನಮ್ಮ ತಾಯಿಯ ತವರಿನಲ್ಲಿ ಆಗಾಗ್ಗೆ ‘ಕುರುಕ್ಷೇತ್ರ’ ನಾಟಕ ಕಟ್ಟುತ್ತಾರೆ. ತುಮಕೂರು, ಮಂಡ್ಯ, ಹಾಸನದ ಕಡೆಯ ಸಹಪಾಠಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಈ ನಾಟಕದ ಒಳವ್ಯವಹಾರವನ್ನು ನಮ್ಮ ಪಠ್ಯಪುಸ್ತಕಗಳು ಎಂದೂ ವಿಚಾರಿಸಿದಂತೆ ಕಾಣೆ. ಇಲ್ಲಿ ನಟನಿಗೆ ಸಂಭಾವನೆಯಿಲ್ಲ. ನಟನೇ ಹಣ ಕೊಟ್ಟು ಪಾತ್ರವನ್ನು ಪಡೆಯುತ್ತಾನೆ. ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು, ಶಕುನಿಗೆ ಅದಕ್ಕಿಂತ ಕಡಿಮೆ, ಬಂದು ನಿಂತು ಹೋಗುವ ಪಾತ್ರಗಳಿಗೆ ಇನ್ನೂ ಕಡಿಮೆ. ಕಡಲೆಕಾಯಿ ಮಾರಿದ ದುಡ್ಡಿನಲ್ಲಿ ಭೀಮನಾದವರನ್ನು ನಾನು ಬಲ್ಲೆ. ಈ ಹಣದಿಂದ ಹಾರ್ಮೋನಿಯಂ ನುಡಿಸಿ ಪದ್ಯ ಕಲಿಸುವ ನಾಟಕದ ಮೇಷ್ಟ್ರ ಸಂಬಳ, ಸೀನರಿಯ ಬಾಡಿಗೆ, ಊಟದ ಖರ್ಚು ಎಲ್ಲವೂ ನಡೆಯಬೇಕು. ಅಕಾಡೆಮಿಯ ಅನುದಾನವಿಲ್ಲ, ಇಲಾಖೆಯ ಮಂಜೂರಾತಿಯಿಲ್ಲ. ಹೀಗೆ ತಮ್ಮ ಗಂಟಿನಿಂದ ಕೊಟ್ಟು ಕಲೆಯನ್ನು ಕೊಂಡುಕೊಳ್ಳುವ ಜನಕ್ಕೆ ನಾವು ಹೋಗಿ ಕಲೆಯನ್ನು ಹಂಚುವೆವೆಂದರೆ ಅವರು ನಕ್ಕಾರು.

ನಾಟಕದ ರಾತ್ರಿಗಿಂತಲೂ ನನ್ನ ನೆನಪಿನಲ್ಲಿ ನಿಂತಿರುವುದು ಅದಕ್ಕೆ ಮೊದಲಿನ ಎರಡು ಮೂರು ತಿಂಗಳ ಅಭ್ಯಾಸ. ಹೊಲದಿಂದ ಬಂದು, ಉಂಡು, ಎಲೆಯಡಿಕೆ ಹಾಕಿಕೊಂಡು, ಗಂಡಸರು ಶಾಲೆಯ ಜಗಲಿಗೆ ಸೇರುವರು. ಮೇಷ್ಟ್ರು ಹಾರ್ಮೋನಿಯಂ ಎಳೆದುಕೊಂಡು ಕೂರುವರು. ದುರ್ಯೋಧನನಿಗೆ ಶ್ರುತಿ ಸೇರದು. ಒಂದೇ ಕಂದಪದ್ಯವನ್ನು ಇಪ್ಪತ್ತು ಸಲ ಹೇಳಿಸುವರು. ಅಷ್ಟು ಹೊತ್ತೂ ಊರೇ ಸುತ್ತ ಕುಳಿತಿರುತ್ತದೆ. ಮಕ್ಕಳು ತೂಕಡಿಸುತ್ತ, ಮುದುಕರು ಬೀಡಿ ಸೇದುತ್ತ, ಹೆಂಗಸರು ಮನೆಯ ಜಗಲಿಗಳಲ್ಲಿ ಕುಳಿತು ಸೊಪ್ಪು ಸೋಸುತ್ತ ಕೇಳುವರು. ಹೀಗಾಗಿ ದುರ್ಯೋಧನನಿಗೆ ಪದ್ಯ ಬರುವ ಮುಂಚೆ ಊರಿನ ಹುಡುಗರಿಗೆಲ್ಲ ಬಂದುಬಿಡುತ್ತದೆ. ನಾಟಕದ ದಿನ ಅವನು ಮಾತು ಮರೆತನೆನ್ನಿ. ಹಿಂದಿನಿಂದ ಹೇಳಿಕೊಡುವವನು ಬಾಯಿ ತೆರೆಯುವುದರೊಳಗಾಗಿ ಮುಂದಿನ ಸಾಲಿನ ಹುಡುಗನೊಬ್ಬನು ಕೂಗಿ ಹೇಳಿರುತ್ತಾನೆ. ನೋಟನ್ನು ಎದೆಗೆ ಚುಚ್ಚುವ ನೆಂಟರಿಷ್ಟರ ಗದ್ದಲ, ‘ಒನ್ಸ್ ಮೋರ್’ ಕೂಗು, ಬೆಳಗಿನ ಜಾವಕ್ಕೆ ಭೀಮ ದುರ್ಯೋಧನರ ಗದಾಯುದ್ಧ, ಇವೆಲ್ಲ ಬಂದವರಿಗೆ ಕಾಣುವ ಭಾಗ. ಆ ಊರಿನ ಕಲೆ ನಡೆದುದು ಮಾತ್ರ ಆ ಶಾಲೆಯ ಜಗಲಿಯಲ್ಲಿ.

ಇದರಲ್ಲಿ ಕೊರತೆ ಇಲ್ಲವೆಂದು ನಾನು ಹೇಳುವುದಿಲ್ಲ. ದ್ರೌಪದಿಗೂ ಕುಂತಿಗೂ ಪಟ್ಟಣದಿಂದ ಸಂಬಳದ ಕಲಾವಿದೆಯರನ್ನು ಕರೆಸುವರೇ ಹೊರತು ಊರಿನ ಹೆಣ್ಣುಮಗಳೊಬ್ಬಳು ಬಣ್ಣ ಹಚ್ಚಿದ್ದನ್ನು ನಾನು ಕಂಡಿಲ್ಲ. ಯಾವ ಕೇರಿಯವನಿಗೆ ಯಾವ ಪಾತ್ರ ಎಂಬ ವಿಷಯದಲ್ಲಿಯೂ ಹಣವೊಂದೇ ಮಾತನಾಡುವುದಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ತಂದೆತಾಯಿಗಳು ಕೂಲಿಯನ್ನು ಅರಸಿಕೊಂಡು ಈ ಊರಿಗೆ ಬಂದು ನೆಲೆಸಿದ ಮೇಲೆ ಅವ್ವನ ಪಾಲಿಗೆ ಅದೆಲ್ಲವೂ ನಿಂತಿತು. ಪಟ್ಟಣದ ಕೇರಿಯಲ್ಲಿ ನಾಲ್ಕೂ ಕಡೆಯ ಊರುಗಳಿಂದ ಬಂದವರಿರುತ್ತಾರೆ. ಒಬ್ಬರು ಇನ್ನೊಬ್ಬರ ಹೆಸರನ್ನು ತಿಳಿಯಲು ವರ್ಷ ಹಿಡಿಯುತ್ತದೆ. ಸಂಜೆಯಾದರೆ ಪ್ರತಿಯೊಂದು ಮನೆಯಿಂದಲೂ ಅದೇ ಧಾರಾವಾಹಿಯ ಅದೇ ಅಳು ಕೇಳಿಬರುತ್ತದೆ. ಆದರೆ ಅಳುವವರನ್ನು ನೋಡಲು ಎಲ್ಲರೂ ತಮ್ಮ ತಮ್ಮ ಬಾಗಿಲು ಹಾಕಿಕೊಂಡಿರುತ್ತಾರೆ. ಈಗಂತೂ ಒಂದೇ ಮನೆಯ ನಾಲ್ವರು ನಾಲ್ಕು ಮೊಬೈಲುಗಳನ್ನು ನೋಡುತ್ತಿರುತ್ತಾರೆ. ಕಲೆಗೆ ಬರ ಬಂದಿಲ್ಲ. ಕೂಡಿ ನೋಡುವುದಕ್ಕೆ ಬರ ಬಂದಿದೆ.

ಈ ವಿಚಾರವೆಲ್ಲ ತಲೆಯಲ್ಲಿ ತುಂಬಿಕೊಂಡುದರಿಂದ ನಮ್ಮ ಗೆಳೆಯರ ಗುಂಪು ಕೇರಿಯಲ್ಲಿಯೇ ಒಂದು ನಾಟಕ ಮಾಡಬೇಕೆಂದು ಹೊರಟಿತು. ನಾವೇ ಬರೆದ ಅರ್ಧ ಗಂಟೆಯ ನಾಟಕ. ವಸ್ತು, ವಾರದ ಕಂತಿನ ಕಿರುಸಾಲ. ಬೇರೆ ಯಾವುದನ್ನು ಬರೆಯೋಣ? ಆ ಸಾಲ ಮುಟ್ಟದ ಮನೆ ನಮ್ಮ ಕಡೆ ಅಪರೂಪ; ವಸೂಲಿಯವರ ಕಾಟ ಎಷ್ಟಾಗಿತ್ತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಅದನ್ನು ತಡೆಯಲೆಂದೇ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ನಾಟಕ ಸಿದ್ಧವಾಯಿತು. ಎಲ್ಲಿ ಆಡುವುದು? ಗುಡಿಯ ಮುಂದಿನ ಬಯಲಿನಲ್ಲಿ ಎಂದು ಎಲ್ಲರೂ ಒಂದೇ ಬಾಯಿಂದ ಹೇಳಿದರು. ಅಲ್ಲಿ ಕಲ್ಲುಚಪ್ಪಡಿಯ ಎತ್ತರದ ಜಾಗವಿದೆ, ವಿದ್ಯುದ್ದೀಪವಿದೆ, ಗುಡಿಯವರು ಮೈಕನ್ನೂ ಕೊಡಲು ಒಪ್ಪಿದ್ದರು.

ನಾನು ಸುಮ್ಮನಿದ್ದೆ. ಈ ಮಾತನ್ನು ಬರೆಯಲು ನನಗೆ ಸಂಕೋಚವಾಗುತ್ತದೆ. ಆದರೆ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ಆ ಬಯಲಿನ ಅಂಚಿನಲ್ಲಿ ಒಂದು ಚರಂಡಿ ಹರಿಯುತ್ತದೆ. ಚರಂಡಿಯ ಆಚೆಗೆ ನಮ್ಮ ಮನೆಗಳು. ನಮ್ಮವರು ಆ ಚಪ್ಪಡಿಯ ಮೇಲೆ ಕೂರಬಾರದೆಂದು ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮವರು ಕೂರುವುದೂ ಇಲ್ಲ. ಇದು ನನಗೆ ಹುಟ್ಟಿನಿಂದ ಗೊತ್ತು. ನನ್ನ ಗೆಳೆಯರಿಗೆ ಗೊತ್ತಿರಲಿಲ್ಲ, ಅವರು ಒಳ್ಳೆಯ ಮನಸ್ಸಿನಿಂದಲೇ ಆ ಜಾಗವನ್ನು ಆರಿಸಿದ್ದರು. ಹೇಳಿದ್ದರೆ ಖಂಡಿತ ಬದಲಾಯಿಸುತ್ತಿದ್ದರು. ಆದರೆ ಹೇಳುವುದೆಂದರೆ ನಾನು ಚರಂಡಿಯ ಯಾವ ಕಡೆಯವನೆಂಬುದನ್ನು ಎಲ್ಲರ ಮುಂದೆ ಹೇಳಿದಂತಾಗುತ್ತಿತ್ತು.

ನಾಟಕ ಚೆನ್ನಾಗಿಯೇ ನಡೆಯಿತು. ಜನ ಸೇರಿದ್ದರು, ಚಪ್ಪಾಳೆ ತಟ್ಟಿದರು. ಸಾಲಗಾರ ಹೆಂಗಸಿನ ಗಂಡನಾಗಿ ನಾನು ಅಳುವ ದೃಶ್ಯವೊಂದಿತ್ತು. ಅಳುತ್ತ ಮುಖವೆತ್ತಿದಾಗ ದೀಪದ ಬೆಳಕು ಮುಗಿಯುವ ಕಡೆಯಲ್ಲಿ, ಚರಂಡಿಯ ಆಚೆ, ನಮ್ಮ ಕೇರಿಯ ಹೆಂಗಸರು ಸಾಲಾಗಿ ನಿಂತಿದ್ದರು. ಅವರ ನಡುವೆ ಅವ್ವನೂ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅರ್ಧ ಗಂಟೆಯೂ ನಿಂತೇ ನೋಡಿದಳು. ಮನೆಗೆ ಬಂದ ಮೇಲೆ, “ಚೆನ್ನಾಗಿತ್ತು ಕಣಪ್ಪ, ಮಾತು ಸರಿಯಾಗಿ ಕೇಳಲಿಲ್ಲ” ಎಂದಳು.

ಆದುದರಿಂದ, ಕಲೆ ಬೀದಿಗೆ ಬರಲಿ ಎಂದು ಹೇಳುವಾಗ ಯಾವ ಬೀದಿ, ಬೀದಿಯ ಯಾವ ಮೂಲೆ ಎಂಬುದನ್ನೂ ಕೇಳಬೇಕಾಗುತ್ತದೆ. ರಂಗಮಂದಿರದ ಬಾಗಿಲಾದರೋ ಕಣ್ಣಿಗೆ ಕಾಣುತ್ತದೆ. ಬಯಲಿಗೂ ಬಾಗಿಲುಂಟು, ಅದು ಕಾಣುವುದಿಲ್ಲ, ಅಷ್ಟೆ. ಅರಳಿಕಟ್ಟೆ, ಗುಡಿಯ ಅಂಗಳ, ಭಜನೆಮನೆ, ಗರಡಿಮನೆ ಇವುಗಳ ಹೆಸರು ಕೇಳಿದರೆ ಪಟ್ಟಣದ ಲೇಖಕರಿಗೆ ಹಳೆಯ ಕಾಲದ ನೆನಪು ಉಕ್ಕಿಬರುತ್ತದೆ. ನನಗೆ ಮೊದಲು ಹೊಳೆಯುವ ಪ್ರಶ್ನೆ, ಅಲ್ಲಿ ಕೂತವರು ಯಾರು, ನಿಂತವರು ಯಾರು ಎಂಬುದು. ನನಗೆ ತೋರುವಂತೆ, ಎಲ್ಲರೂ ಹಬ್ಬಕ್ಕಾಗಿ ಬರುವ ಜಾಗಕ್ಕಿಂತ ಎಲ್ಲರೂ ಕೆಲಸಕ್ಕಾಗಿ ಬಂದೇ ತೀರಬೇಕಾದ ಜಾಗವೇ ಲೇಸು.

ಅಂಥ ಜಾಗ ನಮ್ಮ ವಾರ್ಡಿನಲ್ಲಿ ಒಂದಿದೆ. ನ್ಯಾಯಬೆಲೆ ಅಂಗಡಿಯ ಮುಂದೆ, ನೀರಿನ ತೊಂಬೆಯ ಪಕ್ಕ. ಅಕ್ಕಿ ಕೊಡುವ ದಿನಗಳಲ್ಲಿ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಚೀಲ ಹಿಡಿದವರ ಸಾಲು. ಹೆಬ್ಬೆರಳು ಒತ್ತಬೇಕು, ಯಂತ್ರ ಒಪ್ಪಬೇಕು; ಅದು ಒಪ್ಪದಿದ್ದರೆ ಅಂಗಡಿಯವನು “ಸರ್ವರ್ ಬಂದಿಲ್ಲ” ಎನ್ನುತ್ತಾನೆ. ಈ ಸರ್ವರ್ ಎಂಬ ಮಹಾನುಭಾವನನ್ನು ನಮ್ಮ ಕೇರಿಯವರು ಯಾರೂ ಕಂಡಿಲ್ಲ, ಆದರೆ ಅವನಿಗಾಗಿ ಕಾದಷ್ಟು ಯಾವ ಮಂತ್ರಿಗಾಗಿಯೂ ಕಾದಿಲ್ಲ. ಸಾಲಿನಲ್ಲಿ ಚರಂಡಿಯ ಈಚೆಯವರೂ ಆಚೆಯವರೂ ಒಬ್ಬರ ಹಿಂದೆ ಒಬ್ಬರು. ಎಲ್ಲರಿಗೂ ಕೈತುಂಬ ಹೊತ್ತು. ನಾಟಕಕ್ಕೆ ಇದಕ್ಕಿಂತ ಒಳ್ಳೆಯ ಸಭೆ ಎಲ್ಲಿ ಸಿಕ್ಕೀತು?

ಎರಡನೆಯ ಸಲ ಅಲ್ಲಿ ಆಡಿದೆವು. ಜಾಗ ಬದಲಾಯಿಸೋಣವೆಂದು ಈ ಬಾರಿ ನಾನೇ ಹೇಳಿದೆ, ಕಾರಣವನ್ನೂ ಹೇಳಿದೆ. ಗೆಳೆಯರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಒಬ್ಬನು, “ಮೊದಲೇ ಯಾಕೆ ಹೇಳಲಿಲ್ಲವೋ?” ಎಂದನು. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಅಂದಿನ ಪ್ರದರ್ಶನವನ್ನು ಯಶಸ್ವಿಯೆಂದು ಕರೆಯಲು ಧೈರ್ಯ ಸಾಲದು. ಎರಡು ಟಾರ್ಪಾಲುಗಳನ್ನು ಬಾಡಿಗೆಗೆ ತಂದಿದ್ದೆವು. ಒಂದು ಗಾಳಿಗೆ ಹಾರಿತು. ಮೈಕಿರಲಿಲ್ಲ. ಸಿಮೆಂಟಿನ ಲಾರಿಯೊಂದು ನಾಯಕಿಯ ದುಃಖದ ನಡುವೆಯೇ ಹಾದುಹೋಗಬೇಕೆಂದು ಹಟ ಹಿಡಿಯಿತು. ನಾಟಕ ಅರ್ಧಕ್ಕೆ ಬಂದಾಗ ಅಂಗಡಿಯವನು “ಸರ್ವರ್ ಬಂತು!” ಎಂದು ಕೂಗಿದನು, ನಮ್ಮ ಪ್ರೇಕ್ಷಕರಲ್ಲಿ ಅರ್ಧದಷ್ಟು ಜನ ಎದ್ದು ಓಡಿದರು. ಆದರೂ ಅಂದು ಒಂದು ಸಂಗತಿ ನಡೆಯಿತು. ನಮ್ಮ ನಾಯಕಿ ಕಂತಿನ ಹಣವನ್ನು ವಸೂಲಿಗಾರನ ಕೈಗೆ ಕೊಡುವ ದೃಶ್ಯ. ಮುಂದೆ ಕುಳಿತಿದ್ದ ಹೆಂಗಸೊಬ್ಬರು ತಟ್ಟನೆ, “ಹಂಗಲ್ಲ ಕಣಮ್ಮಿ! ಅವನ ಕೈಗೆ ಒಬ್ಬಳೇ ಕೊಡಾಕಿಲ್ಲ. ಎಲ್ಲಾರೂ ಸುತ್ತ ಕುಂತು, ಎಲ್ಲಾರ ದುಡ್ಡೂ ಆದ ಮೇಲೇನೆ ಏಳಾದು. ಒಬ್ಬಳು ತರದಿದ್ರೆ ಮಿಕ್ಕೋರು ಏಳಂಗಿಲ್ಲ” ಎಂದರು. ಇನ್ನೊಬ್ಬರು, “ಅವಳ್ನ ಬೈಯೋದು ಅವನಲ್ಲ, ನಾವೇ” ಎಂದು ಸೇರಿಸಿದರು. ಸುತ್ತಲಿದ್ದವರು ನಕ್ಕರು, ಆಮೇಲೆ ಯಾರೂ ನಗಲಿಲ್ಲ.

ನಾವು ಬರೆದ ನಾಟಕದಲ್ಲಿ ಖಳನಾಯಕನು ವಸೂಲಿಗಾರ. ಆ ಒಂದು ಮಾತಿನಿಂದ ನಮ್ಮ ನಾಟಕ ಎಷ್ಟು ಹುಸಿಯೆಂದು ತಿಳಿಯಿತು. ಕಂತು ತರಲಾಗದ ಹೆಂಗಸನ್ನು ನೆರೆಮನೆಯ ಹೆಂಗಸರ ಕೈಯಿಂದಲೇ ಬೈಸುವ ವ್ಯವಸ್ಥೆ ಅದು. ನಮ್ಮ ಅರ್ಥಶಾಸ್ತ್ರದ ಟಿಪ್ಪಣಿಯಲ್ಲಿ ‘ಗುಂಪು ಹೊಣೆಗಾರಿಕೆ’ ಎಂದು ಬರೆದುಕೊಂಡು ಪರೀಕ್ಷೆಯಲ್ಲಿ ಐದು ಅಂಕ ಗಳಿಸಿದ್ದೆ. ನಾಟಕ ಬರೆಯುವಾಗ ಅದು ನೆನಪಿಗೆ ಬರಲಿಲ್ಲ. ಆ ತಾಯಿಗೆ ಅದು ಪ್ರತಿ ವಾರದ ಅನುಭವ. ಆ ದೃಶ್ಯವನ್ನು ಅಲ್ಲಿಯೇ ನಿಲ್ಲಿಸಿ ಅವರು ಹೇಳಿದಂತೆ ಮತ್ತೊಮ್ಮೆ ಆಡಿದೆವು. ಅಕ್ಕಿ ತೆಗೆದುಕೊಂಡವರು ಚೀಲದ ಸಮೇತ ಹಿಂತಿರುಗಿ ಬಂದು ನಿಂತರು.

ಅದರಿಂದ ನನಗೆ ಖಚಿತವಾದುದಿಷ್ಟು. ಸಿದ್ಧವಾದ ನಾಟಕವನ್ನು ಬೀದಿಗೆ ತಂದು ಆಡಿ ಹೋದರೆ ಸಾಲದು. ಅಭ್ಯಾಸವೇ ಬೀದಿಗೆ ಬರಬೇಕು. ತಾಯಿಯ ತವರಿನ ಆ ಶಾಲೆಯ ಜಗಲಿಯಲ್ಲಿ ನಡೆಯುವುದೂ ಇದೇ ಅಲ್ಲವೆ? ತಪ್ಪುವುದನ್ನು, ತಿದ್ದಿಕೊಳ್ಳುವುದನ್ನು ಎಲ್ಲರೆದುರಿಗೆ ಮಾಡುವುದು. ಕೇರಿಯವರು ಪ್ರೇಕ್ಷಕರಾಗಿ ಬಂದರೆ ಚಪ್ಪಾಳೆ ತಟ್ಟಿ ಹೋಗುವರು. ಅಭ್ಯಾಸಕ್ಕೆ ಬಂದರೆ ತಿದ್ದುವರು.

ಇದರಿಂದ ಇನ್ನೊಂದು ಪ್ರಯೋಜನವನ್ನೂ ಕಂಡಿದ್ದೇನೆ. ನಮ್ಮ ತರಗತಿಯ ಒಬ್ಬ ವಿದ್ಯಾರ್ಥಿನಿ ಬಹಳ ಚೆನ್ನಾಗಿ ಹಾಡುತ್ತಾರೆ. ಕಾಲೇಜಿನ ನಾಟಕಕ್ಕೆ ಅವರ ತಂದೆ ಎರಡು ವರ್ಷ ಅನುಮತಿ ಕೊಡಲಿಲ್ಲ. ಸಂಜೆ ಕಾಲೇಜು ಬಿಟ್ಟ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಹುಡುಗರೂ ಹುಡುಗಿಯರೂ ಏನೋ ಮಾಡುತ್ತಾರೆ ಎಂಬುದೇ ಅವರಿಗಿದ್ದ ಚಿತ್ರ. ಅಂದು ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಅವರೂ ಇದ್ದರು. ಪೂರ್ತಿ ನೋಡಿದರು. ಹೊರಡುವಾಗ ನಮ್ಮ ಬಳಿಗೆ ಬಂದು, “ಇಷ್ಟೇನಾ ನೀವು ಮಾಡೋದು?” ಎಂದು ಕೇಳಿದರು. ನಮಗೆ ಕೊಂಚ ಅವಮಾನವಾಯಿತೆನ್ನಿ. ಆದರೆ ಮುಂದಿನ ವಾರ ಅವರ ಮಗಳು ನಮ್ಮ ಗುಂಪಿಗೆ ಸೇರಿದರು.

ನಾನು ಬಹಳ ಗೌರವಿಸುವ ಅಧ್ಯಾಪಕರೊಬ್ಬರು ಈ ವಿಚಾರವನ್ನು ಒಪ್ಪುವುದಿಲ್ಲ. ಕಲೆಗೆ ಮೌನ ಬೇಕು, ಏಕಾಗ್ರತೆ ಬೇಕು, ನೋಡುವವನು ಸಿದ್ಧನಾಗಿ ಬರಬೇಕು. ಅಕ್ಕಿಯ ಸಾಲಿನಲ್ಲಿ ನಿಂತವನ ಮುಂದೆ ಹೋಗಿ ಕುಣಿದರೆ ಅದು ಕಲೆಗೂ ಅಗೌರವ, ಅವನಿಗೂ ಕಿರುಕುಳ ಎಂದು ಅವರ ಅಭಿಪ್ರಾಯ. ಇದರಲ್ಲಿ ಸತ್ಯಾಂಶವಿದೆ. ವೀಣೆಯ ಆಲಾಪನೆಯನ್ನು ಲಾರಿಯ ಸದ್ದಿನ ನಡುವೆ ಕೇಳಿರೆಂದು ನಾನೂ ಹೇಳಲಾರೆ. ಆದರೆ ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮನವಮಿಗೆ ಚಪ್ಪರ ಹಾಕಿ ದೊಡ್ಡ ದೊಡ್ಡ ವಿದ್ವಾಂಸರ ಕಚೇರಿಗಳನ್ನು ನಡೆಸುವ ಪದ್ಧತಿ ಬಹಳ ಹಿಂದಿನಿಂದ ಬಂದಿದೆ. ಅದನ್ನು ನಡೆಸುವ ಮಂಡಲಿ ಹುಟ್ಟಿದುದು 1939ರಲ್ಲಿ. ಮೈದಾನದ ಬೇಲಿಯಾಚೆ ಬೀದಿಯಲ್ಲಿ ನಿಂತು ಕೇಳಿದವರು ಸಂಗೀತವನ್ನು ಕೆಡಿಸಿದರೆಂದು ಯಾರೂ ದೂರಿಲ್ಲ. ಇನ್ನು ‘ಸಿದ್ಧನಾಗಿ ಬರಬೇಕು’ ಎಂಬ ಮಾತು. ಸಿದ್ಧತೆ ಎಲ್ಲಿಂದ ಬಂದೀತು, ಗುರುಗಳೆ? ಕುರುಕ್ಷೇತ್ರದ ಮುಂದಿನ ಸಾಲಿನ ಹುಡುಗನು ಸಿದ್ಧನಾದುದು ಜಗಲಿಯಲ್ಲಿ ತೂಕಡಿಸುತ್ತಲೇ.

ಸಾಗರ ತಾಲ್ಲೂಕಿನ ಹೆಗ್ಗೋಡಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅಡಿಕೆ ಬೆಳೆಗಾರರ ಆ ಸಣ್ಣ ಹಳ್ಳಿಯಲ್ಲಿ 1949ರಲ್ಲಿ ಹವ್ಯಾಸಿಗಳ ಗುಂಪಾಗಿ ಹುಟ್ಟಿದ ನೀನಾಸಮ್, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆದದ್ದು, 1985ರಿಂದ ‘ತಿರುಗಾಟ’ ತಂಡವನ್ನು ಊರೂರಿಗೆ ಕಳುಹಿಸತೊಡಗಿದ್ದು, ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಎಲ್ಲರೂ ಬಲ್ಲ ಸಂಗತಿಗಳು. ಪ್ರಶಸ್ತಿಗಿಂತಲೂ ನನ್ನನ್ನು ಸೆಳೆಯುವುದು ಆ ಮೊದಲಿನ ಮೂವತ್ತು ವರ್ಷ. ಶಿಕ್ಷಣ ಕೇಂದ್ರವೂ ಇಲ್ಲದೆ, ತಿರುಗಾಟವೂ ಇಲ್ಲದೆ, ಒಂದು ಹಳ್ಳಿಯವರು ತಮಗಾಗಿಯೇ ನಾಟಕ ಮಾಡಿಕೊಂಡಿದ್ದ ಕಾಲ. ನಮ್ಮ ಜಿಲ್ಲೆಯವರೇನು ಕಡಿಮೆಯಲ್ಲ. 1884ರಲ್ಲಿ ಗುಬ್ಬಿಯಂಥ ಊರಿನಲ್ಲಿ ಹುಟ್ಟಿದ ನಾಟಕ ಕಂಪೆನಿಯೇ ಕನ್ನಡ ರಂಗಭೂಮಿಯನ್ನು ಅಷ್ಟು ಕಾಲ ಆಳಲಿಲ್ಲವೆ? ರಂಗಮಂದಿರವಿಲ್ಲದ ಊರಿಗೆ ಕಂಪೆನಿಗಳು ತಮ್ಮ ಡೇರೆಯನ್ನು ತಾವೇ ಹೊತ್ತುಕೊಂಡು ಹೋಗುತ್ತಿದ್ದವು.

ಬೀದಿಯ ನಾಟಕವೆಂದರೆ ಅದರಲ್ಲಿ ಅಪಾಯವೂ ಉಂಟೆಂಬುದನ್ನು ಮರೆಯಬಾರದು. 1989ರ ಜನವರಿ 1ರಂದು ದೆಹಲಿಯ ಬಳಿಯ ಝಂಡಾಪುರದಲ್ಲಿ ಕಾರ್ಮಿಕರ ನಡುವೆ ಬೀದಿನಾಟಕ ಆಡುತ್ತಿದ್ದಾಗ ಸಫ್ದರ್ ಹಾಶ್ಮಿಯವರ ಮೇಲೆ ಹಲ್ಲೆಯಾಯಿತು. ಮರುದಿನ ಅವರು ತೀರಿಕೊಂಡರು. 4ನೆಯ ತಾರೀಖಿನಂದು ಅವರ ಪತ್ನಿ ಮೊಲೊಯಶ್ರೀಯವರೂ ತಂಡದವರೂ ಅದೇ ಜಾಗಕ್ಕೆ ಹೋಗಿ ನಿಂತುಹೋಗಿದ್ದ ನಾಟಕವನ್ನು ಆಡಿ ಮುಗಿಸಿದರು. ಇದನ್ನು ಓದಿದಾಗ ನನಗೆ ಲಾರಿಯ ವಿಷಯದಲ್ಲಿ ಗೊಣಗಿದ್ದಕ್ಕೆ ನಾಚಿಕೆಯಾಯಿತು.

ಬೀದಿನಾಟಕವೆಂಬ ಹೆಸರಿಗೆ ಈಗ ಬೇರೊಂದು ಗತಿಯೂ ಬಂದಿದೆ. ಯಾವುದೋ ಇಲಾಖೆಯ ಜೀಪು ಬರುತ್ತದೆ. ಒಂದೇ ಬಣ್ಣದ ಅಂಗಿ ತೊಟ್ಟ ಎಂಟು ಜನ ಇಳಿದು ತಮಟೆ ಬಡಿದು, ಕೈ ತೊಳೆಯಿರಿ, ಮತ ಹಾಕಿರಿ ಎಂದು ಇಪ್ಪತ್ತು ನಿಮಿಷ ಹೇಳಿ, ಬ್ಯಾನರನ್ನು ಹಿಡಿದು ಫೋಟೋ ತೆಗೆಸಿಕೊಂಡು, ಕಾರ್ಯಕ್ರಮ ನಡೆಯಿತೆಂದು ಯಾರ ಕೈಯಿಂದಲೋ ರುಜು ಹಾಕಿಸಿಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ಆ ಕಲಾವಿದರನ್ನು ನಾನು ದೂರುವುದಿಲ್ಲ. ಅವರಲ್ಲಿ ಬಹಳ ಒಳ್ಳೆಯ ಹಾಡುಗಾರರಿದ್ದಾರೆ, ಅವರ ಹೊಟ್ಟೆಪಾಡು ಅದು. ಆದರೆ ಕೈತೊಳೆಯಲು ನೀರು ಯಾವಾಗ ಬರುತ್ತದೆ ಎಂದು ನಮ್ಮ ಕೇರಿಯ ಅಜ್ಜಿಯೊಬ್ಬರು ಕೇಳಿದಾಗ ಉತ್ತರ ಹೇಳುವ ಪಾತ್ರ ಆ ನಾಟಕದಲ್ಲಿ ಇರಲಿಲ್ಲ. ಗೋಡೆಯ ಚಿತ್ರಗಳ ಪಾಡೂ ಅಷ್ಟೆ. ಸರ್ಕಾರಿ ಕಾಂಪೌಂಡುಗಳ ಮೇಲೆ ಮಹಾರಾಷ್ಟ್ರದ ವಾರ್ಲಿ ಜನರ ಚಿತ್ರಗಳ ನಕಲು ಕುಣಿಯುತ್ತಿರುತ್ತದೆ. ವಾರ್ಲಿ ಸೊಗಸಾದುದೇ. ಆದರೆ ನಮ್ಮ ಮಲೆನಾಡಿನ ದೀವರ ಹೆಂಗಸರು ಮನೆಯ ಗೋಡೆಗೆ ಬರೆಯುವ ಚಿತ್ತಾರವನ್ನು ನಮ್ಮಲ್ಲಿ ಎಷ್ಟು ಜನ ಕಂಡಿದ್ದೇವೆ? ಹೋಗಲಿ, ಆ ಕಾಂಪೌಂಡಿನ ಎದುರುಮನೆಯ ಹುಡುಗಿಯ ಕೈಗೆ ಕುಂಚ ಕೊಟ್ಟವರುಂಟೆ? ದಿನಾ ಮುಂಜಾನೆ ಅವಳೇ ಅಲ್ಲವೆ ಆ ಬೀದಿಯಲ್ಲಿ ರಂಗೋಲಿ ಹಾಕುವವಳು?

ರಾಜ್ಯಶಾಸ್ತ್ರದ ತರಗತಿಯಲ್ಲಿ ಓದಿದ್ದೊಂದನ್ನು ಇಲ್ಲಿ ಜ್ಞಾಪಿಸಬೇಕು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ ಪುರಸಭೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಅವುಗಳಲ್ಲಿ ಹದಿಮೂರನೆಯದು ಸಾಂಸ್ಕೃತಿಕ, ಶೈಕ್ಷಣಿಕ ಹಾಗೂ ಸೌಂದರ್ಯ ಸಂಬಂಧವಾದ ವಿಷಯಗಳನ್ನು ಬೆಳೆಸುವುದು. ಚರಂಡಿ, ದೀಪ, ಸ್ಮಶಾನ ಇವುಗಳ ಜೊತೆಯಲ್ಲೇ ಅದೂ ಇದೆ. ಚರಂಡಿಯನ್ನು ಕೇಳಲು ಹೋಗುವ ನಾವು ಹದಿಮೂರನೆಯದನ್ನು ಎಂದೂ ಕೇಳಿಲ್ಲ. ನಮ್ಮ ವಾರ್ಡಿನ ಸಮುದಾಯ ಭವನಕ್ಕೆ ವರ್ಷದಲ್ಲಿ ಮುನ್ನೂರು ದಿನವೂ ಬೀಗ. ಬೀಗದಕೈ ಯಾರ ಬಳಿ ಇದೆಯೆಂಬುದನ್ನು ತಿಳಿಯಲು ನನಗೆ ಹತ್ತು ದಿನ ಹಿಡಿಯಿತು. ಸಿಕ್ಕಿದ ಮೇಲೆ, “ಏನು ಕಾರ್ಯಕ್ರಮ? ಮುಖ್ಯ ಅತಿಥಿ ಯಾರು?” ಎಂದು ಕೇಳಿದರು. ಅಭ್ಯಾಸಕ್ಕೆ ಮುಖ್ಯ ಅತಿಥಿ ಇರುವುದಿಲ್ಲವೆಂದು ಹೇಳಿದೆ. ಹಾಗಾದರೆ ಕೊಡಲು ಬರುವುದಿಲ್ಲವೆಂದರು.

ಹೀಗಿರುವಲ್ಲಿ ನಾನು ಕೇಳುವುದು ಹೆಚ್ಚೇನಲ್ಲ. ನಮ್ಮ ಕಾಲೇಜಿನ ಸಾಂಸ್ಕೃತಿಕ ಸಂಘದವರು ಸ್ಪರ್ಧೆಯ ನಾಟಕಕ್ಕೆ ಪ್ರತಿ ವರ್ಷ ಒಂದು ತಿಂಗಳು ಅಭ್ಯಾಸ ಮಾಡಿಸುತ್ತಾರೆ. ಅದು ಕಾಲೇಜಿನ ಸಭಾಂಗಣದಲ್ಲಿ, ಕಿಟಕಿಗಳನ್ನು ಮುಚ್ಚಿಕೊಂಡು ನಡೆಯುತ್ತದೆ. ಆ ಅಭ್ಯಾಸದಲ್ಲಿ ವಾರಕ್ಕೆ ಒಂದು ಸಂಜೆಯನ್ನು ಊರಿನ ಒಂದೊಂದು ವಾರ್ಡಿಗೆ ಕೊಡಬಾರದೆ? ಸ್ಪರ್ಧೆಗೆ ಹೋಗುವ ಮೊದಲು ನಮ್ಮ ಕೂಲಿಯವರ ಪಾತ್ರಗಳನ್ನು ಕೂಲಿಯವರು ಒಮ್ಮೆ ನೋಡಿ ತಿದ್ದಲಿ. ಬಹುಮಾನ ಮೂರನೆಯದಕ್ಕೆ ಇಳಿದರೂ ಇಳಿಯಬಹುದು, ಇಳಿಯಲಿ. ಟಾರ್ಪಾಲು, ಚಹ ಸೇರಿ ಅಂದು ನಮಗಾದ ಖರ್ಚು 340 ರೂಪಾಯಿ ಮಾತ್ರವೆಂಬುದನ್ನು ಖಜಾಂಚಿಗಳ ಗಮನಕ್ಕೆ ತರುತ್ತೇನೆ.

ಪ್ರಾಂಶುಪಾಲರಿಗೆ ಈ ಬಗ್ಗೆ ಅರ್ಜಿ ಕೊಟ್ಟಿದ್ದೇವೆ. ಅವರು “ನೋಡೋಣ” ಎಂದಿದ್ದಾರೆ. ಅಷ್ಟರಲ್ಲಿ ನಮ್ಮ ಗುಂಪಿನ ಅಭ್ಯಾಸ ಪ್ರತಿ ಗುರುವಾರ ಸಂಜೆ ಐದೂವರೆಗೆ, ತೊಂಬೆಯ ಪಕ್ಕದಲ್ಲಿ ನಡೆಯುತ್ತಿದೆ. ಕಳೆದ ಗುರುವಾರ ಅವ್ವ ಮನೆಯಿಂದ ಚಾಪೆಯೊಂದನ್ನು ತಂದು ಹಾಕಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಇನ್ನಿಬ್ಬರು, ಅವರಲ್ಲಿ ಒಬ್ಬರ ಮನೆ ಚರಂಡಿಯ ಈಚೆಗೆ. ನನ್ನ ಅಳು ಬಹಳ ಉದ್ದವಾಯಿತೆಂದು ಮೂವರ ಅಭಿಪ್ರಾಯವೂ ಒಂದೇ ಆಗಿತ್ತು. ನಮಗೆ ಈಗ ಒಂದು ಹಾರ್ಮೋನಿಯಂ ಬೇಕಾಗಿದೆ, ಹಳೆಯದಾದರೂ ಆದೀತು. ಯಾರ ಮನೆಯಲ್ಲಾದರೂ ಸುಮ್ಮನೆ ಅಟ್ಟದ ಮೇಲಿದ್ದರೆ, ಅಂತಿಮ ಬಿ.ಎ. ತರಗತಿಯಲ್ಲಿ ನನ್ನನ್ನು ವಿಚಾರಿಸಬಹುದು.